ಕ್ಲೇರ್ ಬೂತ್ ಲೂಸ್: ಪತ್ರಿಕಾ ಕಚೇರಿಯಿಂದ ಅಮೆರಿಕದ ಶಾಸನಸಭೆಗೆ

ಅಮೆರಿಕದಲ್ಲಿ ಬಂಧುಗಳಿರುವ ಕುಟುಂಬಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಇಂದು ಬೇಕಾದಷ್ಟಿವೆ. ಮಗ ಅಲ್ಲಿನ ಪೌರನಾದ, ಸೊಸೆ ಮೊದಲ ಬಾರಿ ಮತ ಹಾಕಿದಳು ಎಂಬ ಸುದ್ದಿ ಈಗ ಯಾರಿಗೂ ಅಚ್ಚರಿ ತರುವುದಿಲ್ಲ. ಆದರೆ 1946ರವರೆಗೆ ಭಾರತದಿಂದ ಹೋದ ವ್ಯಕ್ತಿ ಅಮೆರಿಕದಲ್ಲಿ ಎಷ್ಟು ವರ್ಷ ದುಡಿದರೂ, ಎಷ್ಟೇ ಓದಿದ್ದರೂ, ಅಲ್ಲಿನ ಪೌರತ್ವ ಪಡೆಯುವಂತಿರಲಿಲ್ಲ. ಆ ವರ್ಷದ ಜುಲೈ 2ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸಹಿ ಹಾಕಿದ ಒಂದು ಕಾನೂನು ಈ ತಡೆಯನ್ನು ತೆಗೆದುಹಾಕಿತು. ಲೂಸ್-ಸೆಲ್ಲರ್ ಕಾಯಿದೆ ಎಂದು ಅದಕ್ಕೆ ಹೆಸರು. ಸೆಲ್ಲರ್ ಎಂಬವರು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಯೆಹೂದಿ ಶಾಸಕರು. ಲೂಸ್ ಎಂಬವರು ಅದೇ ವರ್ಷ ಫೆಬ್ರವರಿಯಲ್ಲಿ ಕೆಥೊಲಿಕ್ ಧರ್ಮಸಭೆಯನ್ನು ಸೇರಿದ್ದ ಒಬ್ಬ ಮಹಿಳೆ. ಈ ಲೇಖನ ಅವರ ಕುರಿತು.

ಆ್ಯನ್ ಕ್ಲೇರ್ ಬೂತ್ ಜನಿಸಿದ್ದು 1903ರ ಮಾರ್ಚ್ 10ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಿಲಿಯಂ ಬೂತ್ ಪಿಟೀಲು ವಾದಕರು, ತಾಯಿ ಆ್ಯನಾ ಸ್ನೈಡರ್ ನರ್ತಕಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಕ್ಲೇರ್ ಇನ್ನೂ ಚಿಕ್ಕವರಿದ್ದಾಗಲೇ ತಂದೆ ಮನೆಬಿಟ್ಟು ಹೋದರು. ಹಣದ ಅಡಚಣೆಯ ನಡುವೆಯೂ ತಾಯಿ ಮಗಳನ್ನು ಒಳ್ಳೆಯ ಶಾಲೆಗಳಿಗೆ ಕಳುಹಿಸಿದರು. 1919ರಲ್ಲಿ ಶಾಲೆ ಮುಗಿಯಿತು, ಕಾಲೇಜು ಶಿಕ್ಷಣ ಅವರ ಪಾಲಿಗೆ ಬರಲಿಲ್ಲ. 1923ರಲ್ಲಿ, ಇಪ್ಪತ್ತರ ಹರೆಯದಲ್ಲಿ, ತಮಗಿಂತ ಬಹಳ ಹಿರಿಯರಾದ ಶ್ರೀಮಂತ ಜಾರ್ಜ್ ಬ್ರೋಕಾ ಅವರನ್ನು ಮದುವೆಯಾದರು. ಮರುವರ್ಷ ಮಗಳು ಹುಟ್ಟಿದಳು, ಅವಳಿಗೂ ಆ್ಯನ್ ಎಂದೇ ಹೆಸರಿಟ್ಟರು. ಪತಿಗೆ ಕುಡಿತದ ಚಟವಿತ್ತು. ದಾಂಪತ್ಯ 1929ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು.

ಕೈಯಲ್ಲಿ ಹಣವಿತ್ತು, ಮಾಡಲು ಕೆಲಸವಿರಲಿಲ್ಲ. ಆಗ ಅವರು ಪತ್ರಿಕಾ ಕಚೇರಿಯ ಬಾಗಿಲು ತಟ್ಟಿದರು. ‘ವೋಗ್’ ಎಂಬ ಮಹಿಳಾ ಪತ್ರಿಕೆಯಲ್ಲಿ ಚಿತ್ರಗಳ ಕೆಳಗೆ ಒಂದೆರಡು ಸಾಲು ಬರೆಯುವ ಸಣ್ಣ ಕೆಲಸದಿಂದ ಶುರುವಾಯಿತು. ಅಲ್ಲಿಂದ ‘ವ್ಯಾನಿಟಿ ಫೇರ್’ ಪತ್ರಿಕೆಗೆ ಹೋದರು. ನ್ಯೂಯಾರ್ಕಿನ ದೊಡ್ಡ ಮನೆತನಗಳ ಡಂಭಾಚಾರವನ್ನು ಒಳಗಿನಿಂದ ಕಂಡಿದ್ದ ಕಾರಣ ಅದನ್ನು ಗೇಲಿ ಮಾಡಿ ಬರೆಯುವುದು ಅವರಿಗೆ ಸುಲಭವಾಗಿತ್ತು. ಕೆಲವೇ ವರ್ಷಗಳಲ್ಲಿ, 1933ರಲ್ಲಿ, ಅದೇ ಪತ್ರಿಕೆಯ ವ್ಯವಸ್ಥಾಪಕ ಸಂಪಾದಕಿಯಾದರು. 1935ರಲ್ಲಿ ‘ಟೈಮ್’ ಪತ್ರಿಕೆಯ ಸ್ಥಾಪಕ ಹೆನ್ರಿ ಲೂಸ್ ಅವರೊಂದಿಗೆ ಎರಡನೆಯ ವಿವಾಹವಾಯಿತು. ಹೆನ್ರಿ ಅವರು ಚೀನಾದಲ್ಲಿ ಸೇವೆ ಸಲ್ಲಿಸುತ್ತಿದ್ದ ಪ್ರೆಸ್ಬಿಟೇರಿಯನ್ ಮಿಷನರಿಗಳ ಮಗ, ಹುಟ್ಟಿದ್ದೂ ಚೀನಾದಲ್ಲೇ. ಮುಂದಿನ ವರ್ಷ ಕ್ಲೇರ್ ಬರೆದ ‘ದ ವಿಮೆನ್’ ನಾಟಕ ಬ್ರಾಡ್‌ವೇ ರಂಗಭೂಮಿಯಲ್ಲಿ 657 ಪ್ರದರ್ಶನ ಕಂಡಿತು. ರಂಗದ ಮೇಲೆ ಒಬ್ಬ ಗಂಡಸೂ ಬಾರದ ನಾಟಕವದು.

ಹೆಸರು, ಹಣ, ಸೌಂದರ್ಯ, ಮಾತಿನ ಚುರುಕು ಎಲ್ಲವೂ ಇದ್ದವು. ಇಷ್ಟಕ್ಕೇ ನಿಂತಿದ್ದರೆ ಇವರ ಬಗ್ಗೆ ನಮಗೆ ಬರೆಯಲು ವಿಶೇಷವೇನೂ ಇರುತ್ತಿರಲಿಲ್ಲ. ಯುದ್ಧ ಅವರನ್ನು ಬೇರೆ ದಾರಿಗೆ ಎಳೆಯಿತು.

1940ರ ಆರಂಭದಲ್ಲಿ ಅವರು ಯುರೋಪಿಗೆ ಹೋದರು. ಮೇ 10ರ ಮುಂಜಾನೆ ಹಿಟ್ಲರನ ವಿಮಾನಗಳು ಬೆಲ್ಜಿಯಂ ಮೇಲೆ ಬಾಂಬು ಸುರಿದಾಗ ಅವರು ಬ್ರಸೆಲ್ಸ್ ನಗರದಲ್ಲೇ ಇದ್ದರು. ಕಣ್ಣಾರೆ ಕಂಡದ್ದನ್ನು ಅದೇ ವರ್ಷ ‘ಯುರೋಪ್ ಇನ್ ದ ಸ್ಪ್ರಿಂಗ್’ ಎಂಬ ಪುಸ್ತಕವಾಗಿ ಬರೆದರು. ಬಳಿಕ ‘ಲೈಫ್’ ಪತ್ರಿಕೆಯ ಯುದ್ಧ ವರದಿಗಾರ್ತಿಯಾಗಿ ಚೀನಾ, ಫಿಲಿಪ್ಪೀನ್ಸ್, ಈಜಿಪ್ಟ್, ಬರ್ಮಾ ಸುತ್ತಿದರು. ಫಿಲಿಪ್ಪೀನ್ಸಿನಲ್ಲಿದ್ದ ಜನರಲ್ ಮೆಕಾರ್ಥರ್ ಕುರಿತು ಅವರು ಬರೆದ ಲೇಖನ 1941ರ ಡಿಸೆಂಬರ್ 8ರ ಸಂಚಿಕೆಯಲ್ಲಿ ಬಂತು. ಅದರ ಹಿಂದಿನ ದಿನವಷ್ಟೇ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತ್ತು. 1942ರಲ್ಲಿ ಬ್ರಿಟಿಷ್ ಮತ್ತು ಚೀನೀ ಪಡೆಗಳು ಬರ್ಮಾದಿಂದ ಹಿಮ್ಮೆಟ್ಟುತ್ತಿದ್ದ ಹೊತ್ತಿನಲ್ಲಿ ಅವರು ಅಲ್ಲಿದ್ದರು. ಆ ಪ್ರಯಾಣದಲ್ಲೇ ಭಾರತಕ್ಕೂ ಬಂದು ಜವಾಹರಲಾಲ್ ನೆಹರೂ ಅವರನ್ನು ಕಂಡರು. ಪುಸ್ತಕದಲ್ಲಿ ಓದಿದ ಏಷ್ಯಾ ಬೇರೆ, ಬಾಂಬಿನ ಹೊಗೆಯ ನಡುವೆ ನಡೆದುಹೋಗುವ ನಿರಾಶ್ರಿತರ ಏಷ್ಯಾ ಬೇರೆ. ಅವರು ನೋಡಿದ್ದು ಎರಡನೆಯದನ್ನು.

ಅದೇ ವರ್ಷ ನವೆಂಬರಿನ ಚುನಾವಣೆಯಲ್ಲಿ ಕನೆಕ್ಟಿಕಟ್ ರಾಜ್ಯದ ನಾಲ್ಕನೇ ಕ್ಷೇತ್ರದಿಂದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಅವರ ಮಲತಂದೆ, ವೈದ್ಯ ಆಲ್ಬರ್ಟ್ ಆಸ್ಟಿನ್, ಹಿಂದೆ ಪ್ರತಿನಿಧಿಸಿದ್ದ ಕ್ಷೇತ್ರ ಅದು. ಗ್ರೀನಿಚ್‌ನಂಥ ಸಿರಿವಂತರ ಊರುಗಳೂ ಬ್ರಿಜ್‌ಪೋರ್ಟ್‌ನಂಥ ಕಾರ್ಖಾನೆ ಪಟ್ಟಣವೂ ಒಂದೇ ಕ್ಷೇತ್ರದಲ್ಲಿದ್ದವು. ಗೆದ್ದರು. ಕನೆಕ್ಟಿಕಟ್‌ನಿಂದ ಪ್ರತಿನಿಧಿಗಳ ಸಭೆಗೆ ಹೋದ ಪ್ರಥಮ ಮಹಿಳೆ ಎನಿಸಿದರು. ಪತ್ರಿಕೆಯಲ್ಲಿ ಕಲಿತ ವ್ಯಂಗ್ಯವನ್ನು ಸಭೆಗೂ ಒಯ್ದರು. 1943ರ ಫೆಬ್ರವರಿಯ ಮೊದಲ ಭಾಷಣದಲ್ಲೇ ಉಪಾಧ್ಯಕ್ಷ ಹೆನ್ರಿ ವಾಲೇಸ್ ಅವರ ವಿಚಾರಗಳನ್ನು ಹಾಸ್ಯ ಮಾಡಲು ‘ಗ್ಲೋಬಲೋನಿ’ ಎಂಬ ಹೊಸ ಪದವನ್ನೇ ಸೃಷ್ಟಿಸಿದರು. ಮರುದಿನ ಪತ್ರಿಕೆಗಳು ಅದನ್ನೇ ಎತ್ತಿಕೊಂಡವು, ಭಾಷಣದ ತಿರುಳು ಹಿಂದೆ ಸರಿಯಿತು. ಚುರುಕು ಮಾತಿನವರಿಗೆ ಆಗಾಗ ಆಗುವ ನಷ್ಟ ಇದು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಮೇಲೆ ಅವರು ಮಾಡಿದ ಟೀಕೆಗಳಲ್ಲಿ ಕೆಲವು ನ್ಯಾಯದ ಗೆರೆ ದಾಟಿದವು ಎಂದೇ ಹೇಳಬೇಕು.

1944ರ ಜನವರಿ 11. ಮಗಳು ಆ್ಯನ್‌ಗೆ ಆಗ 19 ವರ್ಷ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಕ್ರಿಸ್ಮಸ್ ರಜೆಯನ್ನು ತಾಯಿಯೊಂದಿಗೆ ಕಳೆದು ಕಾಲೇಜಿಗೆ ಮರಳುತ್ತಿದ್ದಳು. ತಾಯಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಉಳಿದಿದ್ದರು. ಪಾಲೊ ಆಲ್ಟೊ ಪಟ್ಟಣದಲ್ಲಿ ಅವಳಿದ್ದ ಕಾರಿಗೆ ಇನ್ನೊಂದು ಕಾರು ಬಡಿಯಿತು. ಅವಳು ಸ್ಥಳದಲ್ಲೇ ತೀರಿಕೊಂಡಳು. ಕ್ಲೇರ್ ಅವರಿಗಿದ್ದದ್ದು ಈ ಒಬ್ಬಳೇ ಮಗಳು. 1938ರಲ್ಲಿ ತಾಯಿಯನ್ನೂ ಅವರು ವಾಹನ ಅಪಘಾತದಲ್ಲೇ ಕಳೆದುಕೊಂಡಿದ್ದರು.

ಅವರು ಕೆಲಸ ಬಿಡಲಿಲ್ಲ. ಆ ವರ್ಷ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಭಾಷಣ ಮಾಡಿದರು, ಚುನಾವಣೆಯಲ್ಲಿ ಅತ್ಯಲ್ಪ ಅಂತರದಿಂದ ಮತ್ತೆ ಗೆದ್ದರು, ಸೇನಾ ವ್ಯವಹಾರಗಳ ಸಮಿತಿಯ ಸದಸ್ಯೆಯಾಗಿ ಇಟೆಲಿಯ ರಣರಂಗಕ್ಕೆ ಹೋಗಿಬಂದರು. 1945ರ ಏಪ್ರಿಲ್‌ನಲ್ಲಿ ಬುಖೆನ್‌ವಾಲ್ಡ್ ಯಾತನಾ ಶಿಬಿರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಲ್ಲಿಗೂ ಹೋದರು. ಹೊರಗಿನವರ ಕಣ್ಣಿಗೆ ಅವರು ಮೊದಲಿನ ಕ್ಲೇರ್ ಆಗಿಯೇ ಕಂಡಿರಬೇಕು. ಒಳಗೆ ಹಾಗಿರಲಿಲ್ಲ. ಒಂದು ರಾತ್ರಿ ನ್ಯೂಯಾರ್ಕಿನ ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಇದ್ದಾಗ ದುಃಖ ತಡೆಯಲಾಗದೆ, ತಮಗೆ ಆಗಾಗ ಪತ್ರ ಬರೆಯುತ್ತಿದ್ದ ಒಬ್ಬ ಜೆಸುಯಿಟ್ ಗುರುಗಳಿಗೆ ಫೋನ್ ಮಾಡಿದರು. ಅವರು ಕ್ಲೇರ್ ಅವರಿಗೆ ತೋರಿಸಿಕೊಟ್ಟದ್ದು ಮೊನ್ಸಿಞೊರ್ ಫುಲ್ಟನ್ ಶೀನ್ ಅವರ ದಾರಿಯನ್ನು. ಶೀನ್ ಆಗ ವಾಷಿಂಗ್ಟನ್ನಿನ ಕೆಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು, ರೇಡಿಯೋ ಉಪದೇಶಗಳಿಂದ ದೇಶದಾದ್ಯಂತ ಪರಿಚಿತರು. ಮುಂದೆ ಬಿಷಪರಾದ ಅವರನ್ನು 2012ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟ್ ಅವರು ವೆನರೆಬಲ್ ಎಂದು ಘೋಷಿಸಿದರು.

ಮೊದಲ ಭೇಟಿಯ ಕತೆಯನ್ನು ಶೀನ್ ಅವರೇ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಊಟದ ಬಳಿಕ ಐದು ನಿಮಿಷ ದೇವರ ಕುರಿತು ತಾನು ಮಾತನಾಡುತ್ತೇನೆ, ನಂತರ ಒಂದು ಗಂಟೆ ನೀವು ಮಾತನಾಡಿ ಎಂದು ಅವರು ಕರಾರು ಹಾಕಿದ್ದರಂತೆ. ದೇವರು ಒಳ್ಳೆಯವನು ಎಂಬಲ್ಲಿಗೆ ಮಾತು ಬಂದದ್ದೇ ತಡ, ಕ್ಲೇರ್ ಎದ್ದುನಿಂತು, ಹಾಗಾದರೆ ನನ್ನ ಮಗಳನ್ನು ಯಾಕೆ ಕಿತ್ತುಕೊಂಡ ಎಂದು ಕೇಳಿಬಿಟ್ಟರು. ಪ್ರಾಯಶಃ ಆ ದುಃಖದ ಮೂಲಕವೇ ನೀವು ಕ್ರಿಸ್ತರನ್ನು ಅರಸಿ ಇಲ್ಲಿಗೆ ಬಂದಿದ್ದೀರಿ ಎಂಬ ಅರ್ಥದ ಉತ್ತರವನ್ನು ಶೀನ್ ಕೊಟ್ಟರು.

ಇಲ್ಲಿ ಒಂದು ಮಾತು. ಮಕ್ಕಳನ್ನು ಕಳೆದುಕೊಂಡವರ ಮನೆಗೆ ಹೋಗುವ ಗುರುಗಳೂ ಧರ್ಮಭಗಿನಿಯರೂ ವಾಳೆಯ ಗುರಿಕಾರರೂ ಈ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಹೋಗಬಾರದು. ತೀಕ್ಷ್ಣಮತಿಯಾದ, ವಾದಕ್ಕೆ ವಾದ ಬಯಸುವ ಹೆಂಗಸೊಬ್ಬಳಿಗೆ, ಮಗಳು ಸತ್ತು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅವಳೇ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಅದು. ಶವಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ತಾಯಿಗೆ ಹೇಳಿದರೆ ಅದು ಕಲ್ಲೆಸೆದಂತೆ. ಶೀನ್ ಅವರೂ ಆ ಒಂದು ಮಾತಿನಿಂದ ಕೆಲಸ ಮುಗಿಸಲಿಲ್ಲ. ತಿಂಗಳುಗಟ್ಟಲೆ ಕುಳಿತು ಧರ್ಮೋಪದೇಶ ಕೊಟ್ಟರು. ಕ್ಲೇರ್ ಪ್ರತಿಯೊಂದಕ್ಕೂ ಎದುರು ಪ್ರಶ್ನೆ ಹಾಕುತ್ತಿದ್ದರು. 1946ರ ಫೆಬ್ರವರಿ 16ರಂದು ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಕಥೀಡ್ರಲಿನಲ್ಲಿ ಅವರನ್ನು ಧರ್ಮಸಭೆಗೆ ಸೇರಿಸಿಕೊಳ್ಳಲಾಯಿತು. ಪತಿ ಹೆನ್ರಿ ತಮ್ಮ ಪ್ರೆಸ್ಬಿಟೇರಿಯನ್ ಪಂಥದಲ್ಲೇ ಉಳಿದರು.

ಮನಸ್ಸಿನಲ್ಲಿ ಈ ತೊಳಲಾಟ ನಡೆಯುತ್ತಿದ್ದ ಅದೇ ತಿಂಗಳುಗಳಲ್ಲಿ ಭಾರತೀಯರ ಮಸೂದೆಯೂ ಸಾಗುತ್ತಿತ್ತು. ಅದರ ಹಿನ್ನೆಲೆ ತಿಳಿಯಬೇಕು. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ವಲಸೆಯನ್ನು ತಡೆದಿತ್ತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಥಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದವರು! ಅದಾಗಲೇ ಪೌರತ್ವ ಪಡೆದಿದ್ದ ಹಲವರಿಂದ ಅದನ್ನು ವಾಪಸ್ ಕಿತ್ತುಕೊಳ್ಳಲಾಯಿತು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಹೊಲ ಖರೀದಿಸುವಂತೆಯೂ ಇರಲಿಲ್ಲ. ತಾವೇ ಉತ್ತು ಹಸನು ಮಾಡಿದ ಭೂಮಿಯನ್ನು ಬೇರೆಯವರ ಹೆಸರಿನಲ್ಲಿ ಇಟ್ಟುಕೊಂಡು ಬದುಕಬೇಕಿತ್ತು. ಒಟ್ಟು ಅಮೆರಿಕದಲ್ಲಿ ಆಗ ಇದ್ದ ಭಾರತೀಯರು ಕೆಲವೇ ಸಾವಿರ. ಅವರಿಗೆ ಮತವಿಲ್ಲ. ಮತವಿಲ್ಲದವರ ಪರವಾಗಿ ನಿಂತರೆ ಯಾವ ಶಾಸಕನಿಗೂ ಚುನಾವಣೆಯಲ್ಲಿ ಲಾಭವಿಲ್ಲ. ಕ್ಲೇರ್ ಅವರ ಕನೆಕ್ಟಿಕಟ್ ಕ್ಷೇತ್ರಕ್ಕೂ ಪಂಜಾಬಿ ರೈತರಿಗೂ ಏನು ಸಂಬಂಧ?

1944ರಲ್ಲೇ, ಅಂದರೆ ಮಗಳು ತೀರಿದ ವರ್ಷವೇ, ಅವರು ಭಾರತೀಯರಿಗೆ ಪೌರತ್ವ ಮತ್ತು ವಲಸೆಯ ಅವಕಾಶ ನೀಡುವ ಮಸೂದೆಯನ್ನು ಮುಂದಿಟ್ಟರು. ಡೆಮಾಕ್ರಟಿಕ್ ಪಕ್ಷದ ಇಮ್ಯಾನ್ಯುಯೆಲ್ ಸೆಲ್ಲರ್ ಅಂಥದೇ ಮಸೂದೆ ತಂದರು. ಎದುರಾಳಿ ಪಕ್ಷಗಳ ಇಬ್ಬರು ಒಂದೇ ಕೆಲಸಕ್ಕೆ ಕೈಹಾಕಿದರು. ಇಂಡಿಯಾ ಲೀಗ್ ಆಫ್ ಅಮೆರಿಕ ಸಂಘಟನೆಯ ಜೆ. ಜೆ. ಸಿಂಗ್ ಶಾಸಕರ ಕಚೇರಿಯಿಂದ ಕಚೇರಿಗೆ ಅಲೆದು ಬೆಂಬಲ ಕೂಡಿಸಿದರು. ವಲಸೆ ಸಮಿತಿಯಲ್ಲಿ ಮಸೂದೆಗೆ ಬಲವಾದ ವಿರೋಧವಿತ್ತು. ಅದು ಎರಡೂ ಸದನ ದಾಟಿ ಕಾನೂನಾಗಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇದರ ಹಿಂದೆ ಬರೇ ಕರುಣೆ ಇತ್ತು ಎಂದು ಬರೆದರೆ ಅದು ಸಂತರ ಚರಿತ್ರೆಯಾದೀತು, ಕ್ಲೇರ್ ಅವರ ಚರಿತ್ರೆಯಾಗದು. ಅಮೆರಿಕ ಏಷ್ಯಾದವರನ್ನು ಕೀಳಾಗಿ ಕಾಣುತ್ತದೆ ಎಂದು ಜಪಾನ್ ಪ್ರಚಾರ ಮಾಡುತ್ತಿತ್ತು, ಆ ಪ್ರಚಾರಕ್ಕೆ ಅಮೆರಿಕದ ಕಾನೂನೇ ಸಾಕ್ಷಿ ಒದಗಿಸುತ್ತಿತ್ತು. ಭಾರತದ ಲಕ್ಷಾಂತರ ಸೈನಿಕರು ಮಿತ್ರರಾಷ್ಟ್ರಗಳ ಪರ ಹೋರಾಡುತ್ತಿದ್ದರು. ನಾಳೆ ಸ್ವತಂತ್ರವಾಗಲಿರುವ ದೊಡ್ಡ ದೇಶವೊಂದರ ಸ್ನೇಹ ಬೇಕಿತ್ತು. ಈ ಲೆಕ್ಕಾಚಾರಗಳೆಲ್ಲ ಇದ್ದವು. ಆದರೂ ಏಷ್ಯಾದ ಆಸ್ಪತ್ರೆ, ದಂಡು, ದಾರಿಗಳನ್ನು ಸ್ವತಃ ಕಂಡುಬಂದ ವರದಿಗಾರ್ತಿಯ ಕೈ ಅದರಲ್ಲಿತ್ತು ಎಂಬುದೂ ಸುಳ್ಳಲ್ಲ. ಹೆಂಗಸರಿಗೂ ಅಲ್ಪಸಂಖ್ಯಾತ ಜನಾಂಗದವರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ದೊರಕಿಸಲು ಕಾರ್ಮಿಕ ಇಲಾಖೆಯಲ್ಲೇ ಒಂದು ವಿಭಾಗ ಬೇಕೆಂದು ಕೇಳಿದವರೂ ಅವರೇ.

ಕಾನೂನು ಕೊಟ್ಟದ್ದು ಎಷ್ಟು? ಭಾರತದಿಂದ ವರ್ಷಕ್ಕೆ 100 ಮಂದಿ, ಫಿಲಿಪ್ಪೀನ್ಸಿನಿಂದ 100 ಮಂದಿ. ಅಷ್ಟೇ. ಇಂದಿನ ಒಂದು ವಿಮಾನದಲ್ಲಿ ಹಿಡಿಯುವ ಜನ. ಆದರೆ ಈಗಾಗಲೇ ಅಲ್ಲಿದ್ದವರಿಗೆ ಅದು ಪೌರತ್ವದ ಬಾಗಿಲನ್ನು ತೆರೆಯಿತು. ಹಾಗೆ ಪೌರರಾದವರಲ್ಲಿ ದಲೀಪ್ ಸಿಂಗ್ ಸೌಂದ್ ಒಬ್ಬರು. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದರೂ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. 1949ರಲ್ಲಿ ಪೌರತ್ವ ಸಿಕ್ಕಿತು. ಮರುವರ್ಷ ಊರಿನ ನ್ಯಾಯಾಧೀಶರ ಸ್ಥಾನಕ್ಕೆ ಗೆದ್ದರೂ, ಪೌರರಾಗಿ ಒಂದು ವರ್ಷ ತುಂಬಿಲ್ಲವೆಂದು ಸ್ಥಾನ ನಿರಾಕರಿಸಲಾಯಿತು. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಕ್ಲೇರ್ ಕುಳಿತಿದ್ದ ಅದೇ ಪ್ರತಿನಿಧಿಗಳ ಸಭೆಗೆ ಆಯ್ಕೆಯಾದರು, ಆ ಸಭೆಗೆ ಮತದಾರರು ಕಳುಹಿಸಿದ ಪ್ರಥಮ ಭಾರತೀಯ ಮೂಲದ ವ್ಯಕ್ತಿ. ನಮ್ಮ ಕರಾವಳಿಯವರು ದೊಡ್ಡ ಸಂಖ್ಯೆಯಲ್ಲಿ ಹೋದದ್ದು 1965ರ ವಲಸೆ ಕಾಯಿದೆಯ ನಂತರ. ಅದನ್ನು ಪ್ರತಿನಿಧಿಗಳ ಸಭೆಯಲ್ಲಿ ಮುಂದೆ ನಿಂತು ತಂದವರೂ ಅದೇ ಸೆಲ್ಲರ್.

1946ರ ಚುನಾವಣೆಗೆ ಕ್ಲೇರ್ ನಿಲ್ಲಲಿಲ್ಲ. ಕೆಥೊಲಿಕ್ ಮತದಾರರು ಬಹಳವಿದ್ದ ರಾಜ್ಯದಲ್ಲಿ ಅವರು ನಿಂತಿದ್ದರೆ ಧರ್ಮಾಂತರವೂ ಮತಕ್ಕಾಗಿ ಎಂದು ಜನ ಆಡಿಕೊಳ್ಳುತ್ತಿದ್ದರು. ಮರುವರ್ಷ ‘ಮೆಕಾಲ್ಸ್’ ಪತ್ರಿಕೆಯಲ್ಲಿ ತಮ್ಮ ವಿಶ್ವಾಸದ ಹಾದಿಯನ್ನು ಧಾರಾವಾಹಿಯಾಗಿ ಬರೆದರು. ಆಸ್ಪತ್ರೆ ಕಟ್ಟಲು ಹೊರಟ ಇಬ್ಬರು ಧರ್ಮಭಗಿನಿಯರ ಕತೆಯುಳ್ಳ ‘ಕಮ್ ಟು ದ ಸ್ಟೇಬಲ್’ ಎಂಬ 1949ರ ಚಲನಚಿತ್ರಕ್ಕೆ ಮೂಲಕತೆ ಅವರದು, ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. 1952ರಲ್ಲಿ ಸಂತರ ಕುರಿತ ಲೇಖನಗಳ ಒಂದು ಸಂಗ್ರಹವನ್ನು ಸಂಪಾದಿಸಿದರು, ಇವ್ಲಿನ್ ವಾ, ಥಾಮಸ್ ಮರ್ಟನ್ ಮೊದಲಾದವರು ಅದಕ್ಕೆ ಬರೆದರು. ಮಗಳ ನೆನಪಿನಲ್ಲಿ ಪಾಲೊ ಆಲ್ಟೊದಲ್ಲಿ ವಿದ್ಯಾರ್ಥಿಗಳಿಗಾಗಿ ಸಂತ ಆ್ಯನ್ ಪ್ರಾರ್ಥನಾಲಯ ಕಟ್ಟಿಸಲು ಹಣ ಕೊಟ್ಟರು. ಅದು 1951ರಲ್ಲಿ ಪೂರ್ಣಗೊಂಡಿತು.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಇಟೆಲಿಗೆ ರಾಯಭಾರಿಯಾಗಿ ಕಳುಹಿಸಿದರು. ಹೊಸದಾಗಿ ಕೆಥೊಲಿಕರಾದವರ ಹುರುಪನ್ನು ಗೇಲಿಮಾಡಲು ಆಗ ಯಾರೋ ಕಟ್ಟಿದ ಹಾಸ್ಯವೊಂದು ಇಂದಿಗೂ ಗುರುಗಳ ಊಟದ ಮೇಜಿನಲ್ಲಿ ಓಡಾಡುತ್ತದೆ. ಕ್ಲೇರ್ ಜಗದ್ಗುರುಗಳಿಗೇ ಉಪದೇಶ ಮಾಡತೊಡಗಿದರಂತೆ, ಆಗ 12ನೇ ಪಿಯುಸ್ ಅವರು, ಅಮ್ಮಾ, ನಾನೂ ಕೆಥೊಲಿಕನೇ ಎಂದು ನೆನಪಿಸಬೇಕಾಯಿತಂತೆ! ಕೆಲಸದಲ್ಲಿ ಏಳುಬೀಳುಗಳಿದ್ದವು. 1953ರ ಇಟೆಲಿಯ ಚುನಾವಣೆಗೆ ಮುನ್ನ ಮಿಲಾನಿನಲ್ಲಿ ಮಾಡಿದ ಭಾಷಣದಲ್ಲಿ ಮತದಾರರನ್ನು ಎಚ್ಚರಿಸಲು ಹೋಗಿ, ಪರದೇಶದ ರಾಯಭಾರಿಗೆ ನಮ್ಮ ಮತದ ಗೊಡವೆ ಯಾಕೆ ಎಂಬ ಸಿಟ್ಟಿಗೆ ಗುರಿಯಾದರು. ಆದರೆ ಟ್ರಿಯೆಸ್ಟ್ ನಗರಕ್ಕಾಗಿ ಇಟೆಲಿ ಮತ್ತು ಯುಗೊಸ್ಲಾವಿಯ ಜಗಳವಾಡುತ್ತಿದ್ದಾಗ, 1954ರ ಅಕ್ಟೋಬರದ ಒಪ್ಪಂದಕ್ಕೆ ವಾಷಿಂಗ್ಟನ್ನಿನ ಗಮನ ಸೆಳೆಯಲು ಅವರು ಪಟ್ಟ ಶ್ರಮ ದೊಡ್ಡದು. 1956ರಲ್ಲಿ ಅನಾರೋಗ್ಯದಿಂದ ಹುದ್ದೆ ಬಿಟ್ಟರು. 1957ರಲ್ಲಿ ನೋಟರ್‌ಡೇಮ್ ವಿಶ್ವವಿದ್ಯಾನಿಲಯ ಅವರಿಗೆ ಲೀಟಾರೆ ಪದಕ ನೀಡಿತು.

ನಾಲಗೆ ಮಾತ್ರ ಕೊನೆಯವರೆಗೂ ಪಳಗಲಿಲ್ಲ. 1959ರಲ್ಲಿ ಬ್ರೆಝಿಲ್ ರಾಯಭಾರಿಯಾಗಿ ಸೆನೆಟ್ ಅನುಮೋದನೆ ನೀಡಿದ ಮೇಲೂ, ತಮ್ಮನ್ನು ವಿರೋಧಿಸಿದ್ದ ಸೆನೆಟರ್ ವೇಯ್ನ್ ಮೋರ್ಸ್ ಅವರಿಗೆ ಹಿಂದೆ ಕುದುರೆ ಒದ್ದದ್ದನ್ನು ಎತ್ತಿ ಆಡಿದ ಒಂದು ಕುಚೋದ್ಯದಿಂದ ಗದ್ದಲವೆದ್ದು, ಹೊರಡುವ ಮೊದಲೇ ಹುದ್ದೆ ಬಿಡಬೇಕಾಯಿತು. ದೀಕ್ಷಾಸ್ನಾನ ಮನುಷ್ಯನ ಸ್ವಭಾವವನ್ನು ಒಂದೇ ದಿನದಲ್ಲಿ ಬದಲಿಸುವುದಿಲ್ಲ ಎಂದು ಧರ್ಮೋಪದೇಶ ತರಗತಿಯಲ್ಲಿ ಹೇಳುವಾಗ ಇವರ ಉದಾಹರಣೆ ಕೊಡಬಹುದು.

1967ರಲ್ಲಿ ಹೆನ್ರಿ ತೀರಿಕೊಂಡರು. ಬಳಿಕ ಕ್ಲೇರ್ ಹವಾಯಿಯಲ್ಲಿ ಬಹಳ ವರ್ಷ ಕಳೆದು ಕೊನೆಗೆ ವಾಷಿಂಗ್ಟನ್ನಿಗೆ ಮರಳಿದರು. 1983ರಲ್ಲಿ ಅಧ್ಯಕ್ಷ ರೇಗನ್ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ಕೊಟ್ಟರು. 1987ರ ಅಕ್ಟೋಬರ್ 9ರಂದು, 84ರ ವಯಸ್ಸಿನಲ್ಲಿ, ಮಿದುಳಿನ ಕ್ಯಾನ್ಸರಿನಿಂದ ನಿಧನರಾದರು. ಕಾಲೇಜಿನ ಮೆಟ್ಟಿಲು ಹತ್ತದ ಇವರು ತಮ್ಮ ಆಸ್ತಿಯ ದೊಡ್ಡ ಪಾಲನ್ನು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳ ವಿದ್ಯಾರ್ಥಿವೇತನಕ್ಕೆ ಬರೆದಿಟ್ಟಿದ್ದರು.

ದಕ್ಷಿಣ ಕೆರೊಲಿನಾದಲ್ಲಿ ಕೂಪರ್ ನದಿಯ ದಡದಲ್ಲಿ ಲೂಸ್ ದಂಪತಿಗಳಿಗೆ ಮೆಪ್ಕಿನ್ ಎಂಬ ತೋಟವಿತ್ತು. 1949ರಲ್ಲಿ ಅದರ ಬಹುಭಾಗವನ್ನು ಅವರು ಟ್ರ್ಯಾಪಿಸ್ಟ್ ಸನ್ಯಾಸಿಗಳಿಗೆ ದಾನವಾಗಿ ಕೊಟ್ಟರು. ಕೆಂಟಕಿಯ ಗೆತ್ಸೆಮನಿ ಮಠದಿಂದ, ಮರ್ಟನ್ ಇದ್ದ ಅದೇ ಮಠದಿಂದ, ಸನ್ಯಾಸಿಗಳು ಬಂದು ಅಲ್ಲಿ ಹೊಸ ಮಠ ಸ್ಥಾಪಿಸಿದರು. ಮಗಳು ಆ್ಯನ್‌ಳ ಸಮಾಧಿ ಆ ತೋಟದಲ್ಲೇ ಇತ್ತು. ತಾಯಿಯನ್ನೂ ಅಲ್ಲಿಯೇ, ಅವಳ ಸಮೀಪದಲ್ಲಿ ಮಣ್ಣು ಮಾಡಲಾಯಿತು.